ಇಲಿ ಮೇಷ್ಟ್ರು ಮತ್ತು ಅಕ್ಕನ ಮಾತ್ರೆ

ಮನುಷ್ಯರ ಮುಖವನ್ನು ಮರೆತರೂ ನಡಿಗೆಯನ್ನು ಮರೆಯದ ಮಹಾನುಭಾವರು ಇಲಿ ಮೇಷ್ಟ್ರು. ಯಾರಾದರೂ ನಮಸ್ಕರಿಸಿದರೆ ಮೇಷ್ಟ್ರ ದೃಷ್ಟಿ ನೇರ ಅವರ ಪಾದಕ್ಕಿಳಿಯುತ್ತಿತ್ತು. ಪಾರ್ಕಿನ್‌ಸನ್ ರೋಗದಲ್ಲಿ ಮಿದುಳಿನಲ್ಲಿ ಚಲನೆಯನ್ನು ನಡೆಸುವ ಡೋಪಮೈನ್ ಎಂಬ ರಸ ಬತ್ತಿ ಮೈ ಮರಗಟ್ಟುತ್ತದಷ್ಟೆ. ಆ ಸ್ಥಿತಿಯನ್ನು ಇಲಿಗಳಲ್ಲಿ ತಂದು, ಮದ್ದು ಕೊಟ್ಟು, ಅವುಗಳ ಚಲನೆಯನ್ನು ನೋಡುತ್ತ ಕೂರುವುದೇ ಅವರ ಜೀವಿತಕಾರ್ಯ. ಯಾವ ಸೂಜಿಯಲ್ಲಿ ಮದ್ದು, ಯಾವುದರಲ್ಲಿ ಬರೀ ಉಪ್ಪುನೀರು ಎಂಬುದು ಸಹಾಯಕಿಗೆ ಮಾತ್ರ ಗೊತ್ತಿರಬೇಕು. ತಮಗೆ ತಿಳಿದರೆ, ಮದ್ದು ಫಲಿಸಲೆಂಬ ಆಸೆಯಿಂದ ಕಣ್ಣು ಮೋಸ ಮಾಡುತ್ತದೆಂದು ಅವರ ಹಟ. ಮನೆಗೆ ಹೊಸ ಕಾಫಿಪುಡಿ ಬಂದರೂ ಹೆಂಡತಿ ಹಳೆಯದೊಂದು, ಹೊಸದೊಂದು ಎಂದು ಗುರುತಿಲ್ಲದ ಎರಡು ಲೋಟ ತಂದಿಡಬೇಕು. "ಕುಡಿದ್ರೆ ಕುಡೀರಿ, ಇಲ್ಲಾಂದ್ರೆ ಎರಡನ್ನೂ ಚೆಲ್ತೀನಿ" ಎಂಬುದು ಆ ಸಾಧ್ವಿಯ ಪ್ರತ್ಯುತ್ತರ.

ಊಟದ ಹೊತ್ತಿನ ಮಾತೂ ಇಲಿಗಳದ್ದೇ. ಮಿದುಳಿನ ಒಂದೇ ಪಾರ್ಶ್ವ ಕೆಟ್ಟ ಇಲಿ, ಮದ್ದು ಬಿದ್ದೊಡನೆ ನಿಂತಲ್ಲೇ ಗಿರಗಿರನೆ ಸುತ್ತುವುದನ್ನು, ಮಾಸಿದ ಬಿಳಿ ಕೋಟು ಹಾರಾಡುವಂತೆ ತಾವೇ ಸುತ್ತಿ ತೋರಿಸುವರು. ಈ ಅಭಿನಯವೇ ಕುತ್ತಿಗೆಗೆ ಬಂತು. ಅವರ ಅಕ್ಕನಿಗೇ ಆ ರೋಗ ವಕ್ಕರಿಸಿ, ಕುರ್ಚಿಯಿಂದೇಳಲು ಇಬ್ಬರ ಆಸರೆ ಬೇಕಾಯಿತು. ವೈದ್ಯರು ಡೋಪಮೈನ್ ಹೆಚ್ಚಿಸುವ ಮಾತ್ರೆ ಬರೆದುಕೊಟ್ಟರೆ ಅಕ್ಕ ಬಾಯಿಯನ್ನೇ ತೆರೆಯಲೊಲ್ಲಳು.

"ಅದನ್ನ ನುಂಗಿ ನಾನು ಬೀದೀಲಿ ಬುಗುರಿ ಥರ ಸುತ್ತಬೇಕಾ? ನೀನೇ ಕುಣಿದು ತೋರಿಸಿದ್ಯಲ್ಲೋ!"

"ಅಯ್ಯೋ, ಅದು ಒಂದು ಪಕ್ಕ ಮಾತ್ರ ಕೆಟ್ಟಿರೋ ಇಲಿ ಕಣಕ್ಕಾ! ಅದಕ್ಕೇ ಸುತ್ತುತ್ತೆ!"

ಜಪ್ಪಯ್ಯ ಎಂದರೂ ಆಕೆ ಜಗ್ಗಲಿಲ್ಲ. ಬೇರೆ ದಾರಿ ಕಾಣದೆ ಮೇಷ್ಟ್ರು ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಪ್ರಯೋಗಾಲಯಕ್ಕೇ ಕರೆತಂದರು. ಎರಡು ಪಕ್ಕವೂ ಕೆಟ್ಟು, ಮೂಲೆ ಹಿಡಿದು ಮುದುಡಿದ್ದ ಎರಡು ಇಲಿಗಳಿಗೆ ಸಹಾಯಕಿ ಸೂಜಿ ಚುಚ್ಚಿದಳು. ಎಷ್ಟು ಹೊತ್ತಾದರೂ ಅಕ್ಕನ ಎದುರಿಗಿದ್ದ ಇಲಿ ಮಿಸುಕಲಿಲ್ಲ. ಮೇಷ್ಟ್ರು ಬೆವೆತುಹೋದರು.

"ಇದಕ್ಕೆ ಉಪ್ಪುನೀರು ತಾನೇ ಕೊಟ್ಟಿದ್ದು? ಹೇಳಮ್ಮಾ, ಬೇಗ ಹೇಳು!"

"ಹೇಳಬಾರದು ಅಂತ ನೀವೇ ಹೇಳಿದ್ದಲ್ವಾ ಸಾರ್?" ಎಂದಳು ಸಹಾಯಕಿ.

ಅಷ್ಟರಲ್ಲಿ ಪಕ್ಕದ ಪಂಜರದ ಇಲಿ ಮೀಸೆ ಅಲ್ಲಾಡಿಸಿತು, ಎದ್ದಿತು, ನೆಟ್ಟಗೆ ಕಾಳಿನ ಬಟ್ಟಲಿಗೆ ನಡೆಯಿತು. ಒಂದು ಸುತ್ತೂ ಸುತ್ತಲಿಲ್ಲ. ಅಕ್ಕನ ಕಣ್ಣು ತುಂಬಿತು. "ಯಾರೂ ಎತ್ತದೇನೇ ಎದ್ದು ಹೋಯ್ತಲ್ಲೋ! ಕೊಡು ನಿನ್ನ ಮಾತ್ರೆ."

ಕೆಲವು ವಾರಗಳಲ್ಲಿ ಅಕ್ಕ ಒಬ್ಬಳೇ ಎದ್ದು ಬಾಗಿಲವರೆಗೆ ನಡೆದಳು. ಮನೆಯವರೆಲ್ಲ ಹಿಗ್ಗಿ ಹೀರೇಕಾಯಿಯಾಗಿ, ನಡಿಗೆ ಹೇಗಿದೆ ಎಂದು ಕೇಳಿದರೆ, ಮೇಷ್ಟ್ರು ಗೋಡೆಯತ್ತ ತಿರುಗಿ ಕನ್ನಡಕ ಒರೆಸುತ್ತ ನಿಂತಿದ್ದರು.

"ನನ್ನ ಕೇಳ್ಬೇಡಿ. ನನಗೆ ಆಸೆ ಇದೆ."

ಸಂದೇಹವನ್ನೇ ವ್ರತವಾಗಿ ಹಿಡಿದ ಇಂಥವರನ್ನು ಲೋಕ ಶುಷ್ಕಹೃದಯರೆಂದು ಜರೆಯುತ್ತದೆ. ಆದರೆ ಹೃದಯದ ಆಸೆ ಎಷ್ಟು ಬಲಶಾಲಿಯೆಂಬುದು ಅವರಿಗೆ ಗೊತ್ತಿರುವಷ್ಟು ನಮಗ್ಯಾರಿಗೂ ಗೊತ್ತಿಲ್ಲ.