ಕುದಿಸಿದ ಪ್ಯಾಡುಗಳು

ಬೇಸಿಗೆ ಮುಗಿಯುತ್ತ ಬಂದಿತ್ತು, ಮಳೆ ಇನ್ನೂ ಹಿಡಿದಿರಲಿಲ್ಲ. ಬೆಳಿಗ್ಗೆ ಏಳರ ಹೊತ್ತು. ತಂಗಿಯ ಮಗಳು ಪುಟ್ಟಿ ಒಂದು ಪ್ಲಾಸ್ಟಿಕ್ ಕವರನ್ನು ಹಲ್ಲಿನಿಂದ ಹರಿದು, ಒಳಗಿದ್ದ ಮೂರು ಬೂದು ಬಣ್ಣದ ಹಾಸುಗಳನ್ನು ನನ್ನ ಮುಂದೆ ಹರಡಿದಳು. ಶುರುವಾದದ್ದು ಅಲ್ಲಿಂದ.

"ನೋಡಿ ಮಾವ, ಇದು ನಾಯಿ ಉಚ್ಚೆ ಹೊಯ್ಯೋ ಪ್ಯಾಡು. ಬಿಸಾಕೋದಲ್ಲ, ಒಗೆದು ಒಗೆದು ಮತ್ತೆ ಹಾಕೋದು."

"ನಾಯಿಗೂ ಹಾಸಿಗೆ ಬಂತಲ್ಲಮ್ಮ," ಅಂದೆ. "ನಾವು ಚಿಕ್ಕವರಿದ್ದಾಗ ನಮಗೇ ಇರಲಿಲ್ಲ."

"ನಿಮ್ಮನ್ನ ಯಾರು ಅದರ ಮೇಲೆ ಮಲಗಿ ಅಂದ್ರು? ಒಗೆಯೋಕೆ ಆಗುತ್ತೋ ಇಲ್ವೋ, ಅದು ಹೇಳಿ."

ಅದನ್ನು ನನ್ನನ್ನು ಕೇಳುವುದೆಂದರೆ ಮೀನಿಗೆ ಈಜು ಬರುತ್ತದೆಯೇ ಎಂದು ಕೇಳಿದ ಹಾಗೆ. ದೊಡ್ಡ ಆಸ್ಪತ್ರೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಬಟ್ಟೆ ಒಗೆದವನು ನಾನು. ಓದಿದ್ದು ಮೂರನೇ ಕ್ಲಾಸು. ಅಂಕಿ ಚೆನ್ನಾಗಿ ಬರುತ್ತದೆ, ಅಕ್ಷರ ಕೂಡಿಸಿ ಕೂಡಿಸಿ ಓದಬೇಕು. ಹೆಂಡತಿ ತೀರಿಕೊಂಡ ಮೇಲೆ ತಂಗಿ, "ಒಬ್ಬನೇ ಗೋಡೆ ನೋಡ್ಕೊಂಡು ಕೂತಿರ್ಬೇಡ, ಬಾ ಅಣ್ಣ" ಎಂದು ತನ್ನ ಮನೆಗೆ ಕರೆದುಕೊಂಡಿದ್ದಳು. ನಾನು ಬಂದ ಎರಡನೇ ವರ್ಷ ಅವಳಿಗೇ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಮಾತೂ ನಿಂತಿತು. ಹರಟೆಮಲ್ಲಿ ಅವಳು, ಅವಳು ಬಾಯಿ ತೆರೆದರೆ ಪಕ್ಕದ ಮನೆಯವರು ರೇಡಿಯೋ ಆರಿಸುತ್ತಿದ್ದರು. ಅಂಥವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಲ್ಲಿನ ಹಾಗೆ ಕೂತಳು. ಪುಟ್ಟಿಯ ಗಂಡ ಹಡಗಿನಲ್ಲಿ ದುಡಿಯುವವನು, ವರ್ಷಕ್ಕೊಂದು ಸಲ ಬರುತ್ತಾನೆ. ಪುಟ್ಟಿ ಹಲ್ಲಿನ ಡಾಕ್ಟರ ಹತ್ತಿರ ಚೀಟಿ ಬರೆಯುತ್ತಾಳೆ. ಅವಳ ಕೂಸಿಗೆ ಆಗ ಐದು ತಿಂಗಳು.

ಮಾತು ಬರಬೇಕಾದರೆ ಯಾರ ಜೊತೆಗಾದರೂ ಮಾತಾಡುವ ಆಸೆ ಹುಟ್ಟಬೇಕು ಎಂದು ಡಾಕ್ಟರು ಹೇಳಿದ್ದರು. ನಮ್ಮ ಜೊತೆ ಅವಳಿಗೆ ಆಸೆ ಹುಟ್ಟಲಿಲ್ಲ. ಕೊನೆಗೆ ಪುಟ್ಟಿ ಎಲ್ಲಿಂದಲೋ ಒಂದು ಕರಿ ನಾಯಿಮರಿ ತಂದು ತಾಯಿಯ ತೊಡೆಯ ಮೇಲೆ ಬಿಟ್ಟಳು. ಬೆಳೆದರೂ ಮೊಲದಷ್ಟೇ ಇರುವ ಜಾತಿ. ಅಂಗೈಯಲ್ಲಿ ಹಿಡಿಸುವಷ್ಟಿದ್ದರೂ ಗುರ್ ಅನ್ನುತ್ತಿತ್ತು. ಅದಕ್ಕೇ ಮೆಣಸು ಎಂದು ಹೆಸರಿಟ್ಟೆವು. ಮನೆ ನಾಲ್ಕನೇ ಮಹಡಿ. ಲಿಫ್ಟು ವಾರದಲ್ಲಿ ಮೂರು ದಿನ ಕೆಟ್ಟಿರುತ್ತಿತ್ತು, ನನ್ನ ಮಂಡಿ ಏಳೂ ದಿನ. ಹಾಗಾಗಿ ಪ್ಯಾಡು ಬಂತು.

ಪ್ಯಾಡಿನ ಮೇಲ್ಭಾಗ ಹೊಲಿಗೆ ಹಾಕಿದ ಮೆತ್ತನೆಯ ಬಟ್ಟೆ, ಅಡಿಯ ಭಾಗ ಸ್ವಲ್ಪ ನುಣುಪು. ಅಂಚಿನಲ್ಲಿ ಒಂದು ಬಿಳಿ ಪಟ್ಟಿ, ಅದರ ಮೇಲೆ ಪುಟ್ಟ ಚಿತ್ರಗಳು. ಇಸ್ತ್ರಿಪೆಟ್ಟಿಗೆಯ ಮೇಲೆ ಗೀಟು ಹೊಡೆದಿತ್ತು. ಇಸ್ತ್ರಿ ಹಾಕಬಾರದು ಎಂದು ತಿಳಿಯಿತು. ನೀರಿನ ತೊಟ್ಟಿಯ ಚಿತ್ರದೊಳಗೆ 30 ಎಂದಿತ್ತು. ನಮ್ಮ ಆಸ್ಪತ್ರೆಯಲ್ಲಿ ಕುದಿಯುವ ಹಂಡೆಗಳ ಮೇಲೆ ಹೀಗೇ ಅಂಕಿ ಬರೆದಿರುತ್ತಿತ್ತು. ಹಾಸಿಗೆ ಬಟ್ಟೆಗೆ 40, ಆಪರೇಷನ್ ಬಟ್ಟೆಗೆ 60. ಅಷ್ಟು ನಿಮಿಷ ಕುದಿಸಬೇಕು. ನಾಯಿಯ ಬಟ್ಟೆಗೆ ಮೂವತ್ತು ನಿಮಿಷ. ಸರಿಯಾಗೇ ಇದೆ ಅಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಪುಟ್ಟಿ ಒಂದೇ ಉಸಿರಿಗೆ ಹೇಳುತ್ತಿದ್ದಳು, ಅದು ನೀರಿನ ಬಿಸಿಯ ಲೆಕ್ಕ, ಉಗುರುಬೆಚ್ಚಗಿಗಿಂತ ಹೆಚ್ಚು ಬಿಸಿ ಇರಬಾರದು ಎಂದು.

ಅವಳು ಕೆಲಸಕ್ಕೆ ಹೋದ ಮೇಲೆ ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ದಿನಕ್ಕೊಂದು ಪ್ಯಾಡು ಕುದಿಸಿ, ಗಡಿಯಾರ ನೋಡಿ ಇಳಿಸಿ, ಹಿಂಡಿ, ಸಂಜೆಯೊಳಗೆ ಒಣಗಿಸಿಡುತ್ತಿದ್ದೆ. ಒಂದಿಷ್ಟೂ ನಾತ ಇಲ್ಲ. ಪುಟ್ಟಿ ಮೂಸಿ ನೋಡಿ, "ಮಾವ, ಇದಕ್ಕಿಂತ ನನ್ನ ದಿಂಬೇ ನಾರುತ್ತೆ," ಅಂದಳು. ನಾನು ಉಬ್ಬಿಹೋದೆ.

ಮೆಣಸು ಜಾಣ ಜಂತು. ಒಂಬತ್ತೇ ದಿನಕ್ಕೆ ಕಲಿಯಿತು. ಕಾಲಿಗೆ ಮೆತ್ತನೆಯ ಬಟ್ಟೆ ತಗುಲಿದರೆ ಮಾತ್ರ ಕೂರುವುದು, ಇಲ್ಲದಿದ್ದರೆ ತಡೆದುಕೊಳ್ಳುವುದು. ಕೆಲಸ ಮುಗಿಸಿ ತಂಗಿಯ ಕುರ್ಚಿಯ ಮುಂದೆ ಬಂದು, ಬಹುಮಾನ ಎಲ್ಲಿ ಎಂಬಂತೆ ನಿಲ್ಲುವುದು. ಹಾಗೆ ನಿಂತ ಒಂದು ಮಧ್ಯಾಹ್ನ ನನ್ನ ತಂಗಿ, ಏಳು ತಿಂಗಳ ಮೇಲೆ, ಬಾಯಿ ತೆರೆದು, "ಬಾ," ಅಂದಳು.

ಸಂಜೆ ಪುಟ್ಟಿಗೆ ಹೇಳಿದರೆ ಅವಳು ನಂಬಲಿಲ್ಲ. ತಾಯಿಯ ಮುಂದೆ ಕೂತು, "ಅಮ್ಮ, ನನ್ನನ್ನ ಕರಿ. ನಾನೂ ಬರ್ತೀನಿ," ಅಂದಳು. ತಂಗಿ ಅವಳನ್ನು ಒಮ್ಮೆ ನೋಡಿ, ನಾಯಿಯ ಕಡೆ ತಿರುಗಿ, "ಬಾ, ಕತ್ತೆ," ಅಂದಳು. ಪುಟ್ಟಿ ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಅದರ ಸದ್ದಿನಲ್ಲಿ ಅತ್ತಳು.

ಎರಡು ತಿಂಗಳಲ್ಲಿ ಹದಿನಾಲ್ಕು ಮಾತು ಬಂದವು. ಎಲ್ಲವೂ ನಾಯಿಗೇ. ಕೂತ್ಕೋ, ತಿನ್ನು, ಸಾಕು, ಹೋಗು ಆಚೆ, ನನ್ನ ಬಂಗಾರ. ನಾಯಿ ಕಣ್ಣಿಗೆ ಬೀಳದಿದ್ದರೆ ನಾಲಿಗೆ ಏಳುತ್ತಿರಲಿಲ್ಲ.

ಆಮೇಲೆ ನೆಲ ಒದ್ದೆಯಾಗತೊಡಗಿತು.

ಮೊದಲು ಪ್ಯಾಡಿನ ಅಂಚಿನಲ್ಲಿ ಒಂದು ಗೆರೆಯಷ್ಟು, ಆಮೇಲೆ ಅಂಗೈಯಗಲ. ಕೂಸು ಆಗ ಹೊಟ್ಟೆ ಎಳೆಯಲು ಕಲಿತಿತ್ತು. ಅದು ಆ ಒದ್ದೆಯಲ್ಲಿ ಕೈಯಾಡಿಸಿ ಕೈ ಬಾಯಿಗಿಟ್ಟುಕೊಂಡದ್ದನ್ನು ಪುಟ್ಟಿ ನೋಡಿಬಿಟ್ಟಳು. ನಾಯಿಯ ಕತ್ತು ಹಿಡಿದು ಮೂತಿಯನ್ನು ನೆಲಕ್ಕೊತ್ತಿ, "ಕಣ್ಣು ಕಾಣಲ್ವಾ ನಿನಗೆ? ಪ್ಯಾಡು ಬಿಟ್ಟು ಪಕ್ಕದಲ್ಲಿ ಹೊಯ್ತೀಯಾ?" ಎಂದು ಎರಡು ಬಿಟ್ಟಳು.

"ಅಲ್ಲ," ಅಂದಳು ತಂಗಿ.

"ಏನಲ್ಲ? ನೀನು ಮುದ್ದು ಮಾಡೇ ಅದು ಕೆಟ್ಟಿದ್ದು."

"ಅಲ್ಲ, ಅಲ್ಲ." ಎಡಗೈಯಿಂದ ಕುರ್ಚಿಯ ತೋಳು ಬಡಿದಳು. ಇಡೀ ದಿನ ಅಲ್ಲೇ ಕೂತಿರುವವಳು ಅವಳು. ನಾಯಿ ಪ್ಯಾಡಿನ ನಟ್ಟನಡುವೆ ಕೂರುವುದನ್ನು ಕಣ್ಣಾರೆ ಕಂಡವಳು. ಅದನ್ನು ಹೇಳುವ ಮಾತು ಆ ಹದಿನಾಲ್ಕರಲ್ಲಿ ಇರಲಿಲ್ಲ.

ಮರುದಿನ ಪ್ಯಾಡನ್ನು ಒಣಹಾಕುವಾಗ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅಡಿಯ ನುಣುಪು ಪದರ ಬತ್ತಿದ ಕೆರೆಯ ನೆಲದಂತೆ ಸೀಳುಸೀಳಾಗಿತ್ತು. ಉಗುರಿನಿಂದ ಕೆರೆದರೆ ಹೊಟ್ಟಿನಂತೆ ಉದುರಿತು. ಇನ್ನೆರಡನ್ನೂ ನೋಡಿದೆ, ಹಾಗೇ ಇದ್ದವು. ಆಸ್ಪತ್ರೆಯಲ್ಲಿ ರಬ್ಬರು ಹಾಸುಗಳನ್ನು ಹಂಡೆಯ ಹತ್ತಿರವೂ ತರುತ್ತಿರಲಿಲ್ಲ, ತಣ್ಣೀರಲ್ಲಿ ಒರೆಸಿ ತೂಗುಹಾಕುತ್ತಿದ್ದರು. ಅದು ನನಗೆ ಗೊತ್ತಿಲ್ಲದ್ದಲ್ಲ. ಇದರ ಹೊಟ್ಟೆಯಲ್ಲೂ ಅಂಥದೇ ಪದರ ಇದೆ ಎಂದು ಹೊಳೆದಿರಲಿಲ್ಲ, ಅಷ್ಟೆ. ನಾಯಿ ಹೊಯ್ದದ್ದು ಪ್ಯಾಡಿನ ಮೇಲೇ. ನೀರು ಅಡಿಯಿಂದ ಹರಿದದ್ದು.

ಸಂಜೆ ಪುಟ್ಟಿ ಬಂದಾಗ ಹೇಳಬೇಕು ಎಂದು ಬಾಗಿಲಲ್ಲೇ ಕೂತಿದ್ದೆ. ಅವಳು ಚಪ್ಪಲಿ ಬಿಡುತ್ತ, "ಮನೇಲಿ ಸರಿಯಾಗಿ ನಡೀತಿರೋದು ಅಂದ್ರೆ ನಿಮ್ಮ ಒಗೆತ ಒಂದೇ ಮಾವ," ಅಂದಳು. ನಾನು ಹೇಳುವುದನ್ನು ಬಿಟ್ಟು, ಅವಳ ಚೀಲ ತೆಗೆದು ಒಳಗಿಟ್ಟೆ. ಎಪ್ಪತ್ತೊಂದು ವರ್ಷದವನಿಗೆ ಆ ಮನೆಯಲ್ಲಿ ಇದ್ದ ಮರ್ಯಾದೆ ಅದೊಂದೇ.

ಮರುದಿನ ಯಾರಿಗೂ ಹೇಳದೆ ಹಳೆಯ ಮೇಜಿನ ಪ್ಲಾಸ್ಟಿಕ್ ಹೊದಿಕೆಯನ್ನು ಅಳತೆಗೆ ಕತ್ತರಿಸಿ ಪ್ಯಾಡಿನ ಅಡಿಗೆ ತೂರಿಸಿದೆ. ನೆಲ ಒಣಗಿಯೇ ಉಳಿಯಬೇಕಿತ್ತು. ಆದರೆ ಮೆಣಸು ಹೆಜ್ಜೆಯಿಟ್ಟರೆ ಪ್ಲಾಸ್ಟಿಕ್ ಚರಚರ ಎನ್ನುತ್ತಿತ್ತು. ಬೆದರಿದ ನಾಯಿ ಮುಂಗಾಲೆರಡನ್ನು ಪ್ಯಾಡಿನ ಮೇಲಿಟ್ಟು, ಹಿಂದಿನ ಭಾಗವನ್ನು ಹೊರಗೇ ಉಳಿಸಿಕೊಂಡು, ಕಿವಿ ಮಡಚಿ ಹೊಯ್ಯುತ್ತಿತ್ತು. ತಾನು ಪ್ಯಾಡಿನ ಮೇಲೇ ಇದ್ದೇನೆ ಎಂದೇ ಅದರ ನಂಬಿಕೆ. ಈಗ ಪುಟ್ಟಿ ತನ್ನ ಕಣ್ಣಾರೆ ಕಂಡಳು.

"ನೋಡಿದ್ರಾ ಮಾವ? ಬೇಕು ಬೇಕು ಅಂತ ಮಾಡುತ್ತೆ," ಎಂದು ನಾಯಿಗೆ ಮತ್ತೆ ಎರಡು ಬಿಟ್ಟಳು.

ನಾನು ಪಕ್ಕದಲ್ಲೇ ನಿಂತು ನೆಲ ಒರೆಸುವ ಬಟ್ಟೆ ಹಿಂಡಿದೆ.

ಮಂಗಳವಾರ ಸಂಜೆ ಪುಟ್ಟಿ ಕೂಸನ್ನು ಎತ್ತಿಕೊಂಡು ಹಾಲಿನ ಬಾಟಲಿ ತರಲು ತಿರುಗಿದಳು. ಕಾಲು ಒದ್ದೆಯ ಮೇಲೆ ಬಿತ್ತು. ಜಾರಿ, ಕೂಸಿನ ಸಮೇತ ಬಿದ್ದಳು. ಕೂಸಿನ ಹುಬ್ಬು ಕುರ್ಚಿಯ ಕಾಲಿಗೆ ತಗುಲಿ ಬಿರಿದಿತ್ತು. ನಾಲ್ಕು ಮಹಡಿ ಮೆಟ್ಟಿಲಿಳಿದು ಓಡಿದಳು. ಮೂರು ಹೊಲಿಗೆ. ಕಣ್ಣು ಉಳಿದದ್ದು ಕೂದಲೆಳೆಯಲ್ಲಿ. ಈಗ ಹೇಳಿದರೆ ಆ ರಕ್ತ ನನ್ನ ಕೈಗೆ ಅಂಟುತ್ತದೆ ಎಂದು ಹೆದರಿ, ಬಾಯಿಗೆ ಬೀಗ ಹಾಕಿಕೊಂಡೆ.

ಬುಧವಾರ ಬೆಳಿಗ್ಗೆ ಪುಟ್ಟಿ ಮೆಣಸನ್ನು ಚೀಲದಲ್ಲಿಟ್ಟಳು. ಅವಳ ಕೆಲಸದ ಜಾಗದ ಬೀದಿಯಲ್ಲಿ ಒಬ್ಬಾಕೆ ಟೈಲರ್ ಇದ್ದಳು, ನೆಲಮಹಡಿಯ ಮನೆ, ನಾಯಿ ಬೇಕು ಅಂದಿದ್ದಳಂತೆ.

"ಅಮ್ಮ, ನನಗೆ ಮಗು ಮುಖ್ಯ," ಅಂದಳು ಪುಟ್ಟಿ. ತಾಯಿಯ ಮುಖ ನೋಡಲಿಲ್ಲ.

"ಬಾ," ಅಂದಳು ತಂಗಿ ಚೀಲಕ್ಕೆ. "ಬಾ. ನನ್ನ ಬಂಗಾರ. ಬಾ." ಬಾಗಿಲು ಮುಚ್ಚಿದ ಮೇಲೂ ಅಂದಳು. ಗಂಟೆಗಟ್ಟಲೆ ಅಂದಳು. ಮಧ್ಯಾಹ್ನದ ಹೊತ್ತಿಗೆ ನಿಲ್ಲಿಸಿದಳು.

ಗುರುವಾರ ಒಂದು ಮಾತಿಲ್ಲ. ಶುಕ್ರವಾರ ಡಾಕ್ಟರು ಬಂದು ನೋಡಿ, ಹೀಗೇ ಬಿಟ್ಟರೆ ಮತ್ತೆ ಬರುವುದು ಕಷ್ಟ ಅಂದರು. ಅವರು ಹೋದ ಕೂಡಲೇ ಮೂರು ಪ್ಯಾಡುಗಳನ್ನು ತಂದು ಪುಟ್ಟಿಯ ಮುಂದೆ ಮಗುಚಿ ಹಾಕಿದೆ.

"ತಪ್ಪು ನಾಯೀದಲ್ಲ ಮಗಳೇ. ನಾನು ಇದನ್ನ ಕುದಿಸಿದೆ. ದಿನಾ ಮೂವತ್ತು ನಿಮಿಷ."

ಅವಳು ಪಟ್ಟಿ ನೋಡಿದಳು, ಸೀಳುಗಳನ್ನು ನೋಡಿದಳು. "ಯಾವಾಗ ಗೊತ್ತಾಯ್ತು ನಿಮಗೆ?"

"ಹನ್ನೆರಡು ದಿನ ಆಯ್ತು."

"ಹನ್ನೆರಡು ದಿನ." ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. "ನಾನು ಅದಕ್ಕೆ ಹೊಡೆಯೋವಾಗ ನೀವು ಇಲ್ಲೇ ನಿಂತಿದ್ರಿ ಮಾವ."

ಶನಿವಾರ ಕೆಲಸ ಮುಗಿಸಿ ಟೈಲರ್ ಮನೆಗೆ ಹೋಗಿ, ಬರಿಗೈಯಲ್ಲಿ ಬಂದಳು. ಅಲ್ಲಿ ನೆಲದ ತುಂಬ ಕತ್ತರಿಸಿದ ಬಟ್ಟೆ, ಹೊಲಿದ ಬಟ್ಟೆ. ಮೆತ್ತನೆಯದರ ಮೇಲೇ ಹೊಯ್ಯಬೇಕು ಎಂದು ಕಲಿತ ನಾಯಿ ಇನ್ನೇನು ಮಾಡೀತು? ಯಾರದೋ ಮದುವೆಗೆ ಹೊಲಿದಿಟ್ಟಿದ್ದ ರೇಷ್ಮೆಯ ಮೇಲೆ ಕೂತು, ಮುಗಿಸಿ, ಬಹುಮಾನಕ್ಕೆ ಬಂದು ನಿಂತಿದೆ. ಟೈಲರ್ ಅದನ್ನು ಹೊರಗೆ ಕಂಬಕ್ಕೆ ಕಟ್ಟಿದಳು. ಗುರುವಾರ ಸಂಜೆ ಕೊರಳಪಟ್ಟಿ ಜಾರಿಸಿಕೊಂಡು ಓಡಿದೆ. ಎದುರಿಗೇ ಬಸ್ಸುಗಳು ಹೋಗುವ ರಸ್ತೆ. ಬಸ್ಸಿನಡಿ ಸಿಕ್ಕಿ ಸತ್ತ ಕರಿ ಮರಿಯೊಂದನ್ನು ಶುಕ್ರವಾರ ಬೆಳಿಗ್ಗೆ ಗುಡಿಸುವವರು ಒಯ್ದರು ಎಂದು ಅಲ್ಲಿನ ಹೂವಿನಂಗಡಿಯವನು ಅಂದನಂತೆ.

ಪುಟ್ಟಿ ತಾಯಿಯ ಮೊಣಕಾಲ ಬಳಿ ಕೂತು ಎಲ್ಲವನ್ನೂ ಹೇಳಿದಳು. ನನ್ನ ಭಾಗವನ್ನು ಹೆಚ್ಚೂ ಮಾಡಲಿಲ್ಲ, ಕಡಿಮೆಯೂ ಮಾಡಲಿಲ್ಲ. ತಂಗಿ ನನ್ನತ್ತ ತಿರುಗಿದಳು. ಬೈಗುಳ ಅವಳಿಗೆ ಬೇಕಾದಷ್ಟು ಗೊತ್ತಿದ್ದವು. ಯಾವುದೂ ಹೊರಗೆ ಬರಲಿಲ್ಲ. ಮುಖವನ್ನು ಕಿಟಕಿಗೆ ಕೊಟ್ಟಳು.

ಲಕ್ವ ಹೊಡೆದಾಗಿನಿಂದ ಅವಳಿಗೆ ತುತ್ತು ಕೊಡುತ್ತಿದ್ದವನು ನಾನೇ. ಆ ರಾತ್ರಿ ಚಮಚ ಹಿಡಿದರೆ ತುಟಿ ಬಿಚ್ಚಲಿಲ್ಲ. ಬೆಳಿಗ್ಗೆಯೂ ಬಿಚ್ಚಲಿಲ್ಲ. ನೀರಿಗೂ ಇಲ್ಲ. ಪುಟ್ಟಿ ಚಮಚ ಇಸಿದುಕೊಂಡು ಹಿಡಿದರೂ ಅವಳು ಬಾಯಿ ತೆರೆಯಲಿಲ್ಲ. ನಾನು ಎದ್ದು ಬಾಗಿಲಾಚೆ ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಚಮಚ ತಟ್ಟೆಗೆ ತಾಗುವ ಸದ್ದು ಕೇಳಿಸಿತು. ಅವಳು ತಿನ್ನುತ್ತಿದ್ದಳು.

ಒಳಗೆ ಹೋಗಿ ಬಟ್ಟೆ ಕಟ್ಟಿಕೊಂಡೆ. ಆಸ್ಪತ್ರೆಯಲ್ಲಿ ಜೊತೆಗಿದ್ದವನೊಬ್ಬ ಊರಿನ ಆಚೆ ತುದಿಯಲ್ಲಿ ಒಂದು ಕೋಣೆಯಲ್ಲಿದ್ದಾನೆ.

"ಇರಿ ಮಾವ," ಅಂದಳು ಪುಟ್ಟಿ, ಕೂಸಿನ ಹುಬ್ಬಿನ ಪಟ್ಟಿ ಬದಲಿಸುತ್ತ. "ಎಲ್ಲಿಗೆ ಹೋಗ್ತೀರಿ ಈ ವಯಸ್ಸಲ್ಲಿ?"

"ಅವಳು ಉಪವಾಸ ಇರಬಾರದು ಮಗಳೇ," ಅಂದೆ.

ಅವಳು ಮತ್ತೊಮ್ಮೆ ಇರಿ ಅನ್ನಲಿಲ್ಲ. ಮಳೆ ಸಣ್ಣಗೆ ಹಿಡಿದಿತ್ತು. ಆ ದಿನ ಲಿಫ್ಟು ಕೆಟ್ಟಿತ್ತು, ಮೆಟ್ಟಿಲಿಳಿದೇ ಹೋದೆ. ಅದು ಭಾನುವಾರ.