ದೇವರಕಾಡಿನ ಒಂದು ಚಮಚ ಮಣ್ಣು

ಅಜ್ಜಿ ಕಾಯಾದಿಂದ ಹಿಂದಿರುಗಿದಾಗ ಅವಳ ಪಾದಗಳಿಗೆ ಕೊಳೆತ ಎಲೆ, ಕಪ್ಪು ಮಣ್ಣು ಬೆರೆತ ತಣ್ಣನೆಯ ವಾಸನೆ ಇರುತ್ತಿತ್ತು. ಅದು ತೀರಿಹೋದ ಹಿರಿಯರ ಉಸಿರು ಎಂದೇ ಚಿಕ್ಕವಳಾಗಿದ್ದಾಗ ನಾನು ನಂಬಿದ್ದೆ. ಕಾಯಾ ನಮ್ಮ ಗಿರಿಯಾಮಾ ಜನರ ದೇವರಕಾಡು. ಅಲ್ಲಿಗೆ ಬರಿಗಾಲಲ್ಲಿ ಹೋಗಬೇಕು, ಬರುವಾಗ ಒಣಕಡ್ಡಿಯನ್ನೂ ತರಬಾರದು. ಆ ವಾಸನೆ ಮಣ್ಣಿನ ಬ್ಯಾಕ್ಟೀರಿಯಾಗಳದ್ದು ಎಂದು ನನಗೆ ತಿಳಿಸಿದವಳು ನ್ಯೇವು. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ, ಈಗ ನೈರೋಬಿಯಲ್ಲಿ ವಿಜ್ಞಾನಿ.

ಪರೀಕ್ಷೆಗೆಂದು ಅವಳಿಗೆ ಕಾಯಾದ ಒಂದು ಚಮಚ ಮಣ್ಣು ಕೊಡಿಸಲು, ಕಾಯಾ ನೋಡಿಕೊಳ್ಳುವ ಮುದುಕರಲ್ಲೊಬ್ಬನಾದ ತುಂಜೆ ಉಳಿದವರೊಡನೆ ಜಗಳವಾಡಿದ್ದ. ನಾನೂ ಅವಳ ಪರ ಮಾತಾಡಿದ್ದೆ. ಕೆಲವು ತಿಂಗಳ ಮೇಲೆ ಅವಳ ಫೋನ್ ಬಂತು: ಮಣ್ಣಿನಿಂದ ಬೆಳೆಸಿದ ಒಂದು ಬ್ಯಾಕ್ಟೀರಿಯಾದ ಜೀನೋಮ್ ಓದಿದಾಗ, ಈವರೆಗೆ ಯಾರೂ ಕಾಣದ ಔಷಧಿ ತಯಾರಿಸುವ ಜೀನುಗಳು ಸಿಕ್ಕಿವೆ. ತುಂಜೆ ಕಾಯಾದ ಬಾಗಿಲಲ್ಲಿ ತೆಂಗಿನ ಹೆಂಡ ಸುರಿದು ಹಿರಿಯರಿಗೆ ಸುದ್ದಿ ಮುಟ್ಟಿಸಿದ. ಆಮೇಲೆ ಅವನ ನಡಿಗೆಯಲ್ಲೇ ಒಂದು ಹೆಮ್ಮೆ ಬಂತು.

ಮೊನ್ನೆ ನ್ಯೇವು ಬಂದಳು. ತುಂಜೆಯ ಅಂಗಳದಲ್ಲಿ ಕಹಿಂದಿಯೂ ಕೂತಿದ್ದ. ಮಣ್ಣು ಕೊಡಬೇಡಿ ಎಂದು ಕೊನೆಯವರೆಗೂ ಹಟ ಹಿಡಿದಿದ್ದವನು ಅವನೇ.

"ಅಜ್ಜಾ, ಆ ಬ್ಯಾಕ್ಟೀರಿಯಾ ನಮ್ಮ ಮಣ್ಣಿನದಲ್ಲ," ಎಂದಳು ನಿಂತೇ.

"ಮತ್ತೆ ಯಾರದ್ದು?"

"ಬೇರೆ ದೇಶದ್ದು. ಲ್ಯಾಬಲ್ಲಿ ಅದೇ ಮೇಜಿನ ಮೇಲೆ ಅದನ್ನೂ ಬೆಳೆಸ್ತಿದ್ವಿ. ನನ್ನ ಕೈಯಿಂದಲೇ ನಮ್ಮ ತಟ್ಟೆಗೆ ಬಿದ್ದಿದೆ. ಇನ್ನೊಂದು ಸಲ ಮಣ್ಣಿನಿಂದ ಬೆಳೆಸಿ ನೋಡಬೇಕಿತ್ತು, ಅಜ್ಜಾ. ನೋಡೋ ಮೊದಲೇ ಸಂತೋಷಕ್ಕೆ ಫೋನ್ ಮಾಡಿಬಿಟ್ಟೆ."

"ನಮ್ಮದು?"

"ಬೆಳೀಲೇ ಇಲ್ಲ."

ಕಹಿಂದಿ ಗಹಗಹಿಸಿ ನಕ್ಕ. "ಏನಯ್ಯಾ ತುಂಜೆ, ಯಾರದೋ ಮಗೂಗೆ ಹೆಂಡ ಸುರಿದು ಹೆಸರಿಟ್ಟೆಯಲ್ಲೋ! ಇನ್ನು ಹಿರಿಯರಿಗೆ ಏನಂತ ಹೇಳ್ತೀಯ?"

ನ್ಯೇವು ತಲೆ ತಗ್ಗಿಸಿದಳು. ನನಗೂ ತಲೆ ಎತ್ತಲಾಗಲಿಲ್ಲ. ತುಂಜೆ ಕೋಲೂರಿ ಎದ್ದ.

"ಉಳಿದ ಮಣ್ಣು ಎಲ್ಲಿ?"

ಅವಳು ಚೀಲದಿಂದ ಸಣ್ಣ ಸೀಸೆ ತೆಗೆದಳು.

"ಚಪ್ಪಲಿ ಬಿಡು. ನಡಿ, ವಾಪಸ್ ಇಟ್ಟು ಬರೋಣ."

"ಕಾಯಾ ಒಳಗೆ ಬರೋಕೆ ನನಗೆ ಮುಖ ಇಲ್ಲ, ಅಜ್ಜಾ. ತಪ್ಪು ನಂದು, ನೀವು ಯಾಕೆ..."

"ಹಿರಿಯರನ್ನ ಕೇಳಿ ಮಣ್ಣು ತೆಗೆದವನು ನಾನು. ಸುಳ್ಳು ಸುದ್ದಿ ಹೇಳಿದ ಬಾಯೂ ನಂದೇ. ನೀನು ಸೀಸೆ ಹಿಡ್ಕೋ."

ಇಬ್ಬರೂ ಬರಿಗಾಲಲ್ಲಿ ಹೋದರು. ಹಿಂದಿರುಗಿದಾಗ ಸಂಜೆಯಾಗಿತ್ತು. ಅವಳ ಕೈಯಲ್ಲಿ ಸೀಸೆ ಖಾಲಿ. ತುಂಜೆ ದಾರಿಯಲ್ಲಿ ಯಾರ ಮುಖವನ್ನೂ ನೋಡದೆ ಬಂದು ಅಂಗಳದ ಮಣೆಯ ಮೇಲೆ ಕುಸಿದ. ಅವಳು ಅವನಿಂದ ದೂರ, ಬೇಲಿಯ ಬಳಿ ನೆಲದ ಮೇಲೆ ಕೂತಳು. ನಾನು ಊಟಕ್ಕೆ ಕರೆದರೆ, "ಹಸಿವಿಲ್ಲ ಟೀಚರ್," ಎಂದಳು. ಮುದುಕನೂ ಕೈಯಾಡಿಸಿ ಬೇಡವೆಂದ.

ಆಗ ಕಹಿಂದಿ ಬಂದ. ಇನ್ನೊಂದು ಕುಟುಕು ಮಾತು ಇದ್ದೇ ಇದೆ ಎಂದುಕೊಂಡೆ. ಅವನ ಕೈಯಲ್ಲಿ ಬಾಳೆಲೆ ಮುಚ್ಚಿದ ಅಗಲವಾದ ತಟ್ಟೆ: ಮೆಕ್ಕೆಜೋಳದ ಹಿಟ್ಟಿನ ಬಿಸಿ ಸಿಮಾ ಮುದ್ದೆ, ತೆಂಗಿನ ಹಾಲಲ್ಲಿ ಬೇಯಿಸಿದ ಸೊಪ್ಪು, ಇಬ್ಬರಿಗೆ ಆಗುವಷ್ಟು. ನ್ಯೇವುವನ್ನು ತೋಳು ಹಿಡಿದು ಎಬ್ಬಿಸಿ ತುಂಜೆಯ ಪಕ್ಕ ಕೂರಿಸಿದ. ತಟ್ಟೆಯನ್ನು ಅವಳ ಕೈಗೆ ಕೊಟ್ಟ.