ಗುಡುಗಣ್ಣನ ಫೋನು

ಇದು ನಿಜವಾಗಿ ನಡೆದದ್ದು. ಮೊದಲೆಲ್ಲ ‘ಸುಳ್ಳಾದರೆ ನನ್ನ ಗಂಟಲು ಬಿದ್ದುಹೋಗಲಿ’ ಎಂದು ಆಣೆ ಹಾಕುತ್ತಿದ್ದೆ. ಇದಾದ ಮೇಲೆ ಆ ಆಣೆ ಬಿಟ್ಟಿದ್ದೇನೆ.

ನನ್ನ ಅಕ್ಕನ ಗಂಡ ಹಳೇ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುತ್ತಾರೆ. ಹೆಸರಿಗೆ ಭಾವ, ಮುಖದಲ್ಲಿ ಮಾತ್ರ ಯಾವ ಭಾವವೂ ಇಲ್ಲ. ಒಂದು ಕಾಲಕ್ಕೆ ಅವರೂ ಅವರ ಗೆಳೆಯ ಗುಡುಗಣ್ಣನೂ ಜೋಡಿ ಗಿಟಾರ್ ನುಡಿಸುತ್ತಿದ್ದರು. ಗುಡುಗಣ್ಣ ಹಾಡಲು ಬಾಯಿ ತೆರೆದರೆ ಲಾರಿಯಿಂದ ಜಲ್ಲಿ ಸುರಿದಂತೆ. ಭಾವನನ್ನು ‘ದೊರೆ’ ಎಂದೇ ಕರೆಯುತ್ತಿದ್ದ. ಊರು ಬಿಟ್ಟವನು ಆರು ವರ್ಷದಿಂದ ಒಂದು ಫೋನೂ ಮಾಡಿರಲಿಲ್ಲ.

ಹೋದ ವಾರ ಅವನ ಹೊಸ ಬ್ಲೂಸ್ ರಾಕ್ ಆಲ್ಬಂ ಬಂತು. ಭಾವ ಅಂಗಡಿಯಲ್ಲಿ ದಿನವಿಡೀ ಅದನ್ನೇ ಹಾಕಿದರು. ಮೂರನೆಯ ಟ್ರ್ಯಾಕಿನಲ್ಲಿ ಗಿಟಾರ್ ಒಂದೇ ಸ್ವರವನ್ನು ಹಿಡಿದು, ಜಗ್ಗಿ, ಅಳಿಸಿ, ಆಮೇಲೆ ಡ್ರಮ್ಮನ್ನಷ್ಟೇ ಬಿಟ್ಟು ಸುಮ್ಮನಾಗುತ್ತದೆ. ಅಲ್ಲಿಗೆ ಬಂದರೆ ಸಾಕು, ಭಾವನ ಸೂಜಿ ಬಟ್ಟೆಯಲ್ಲೇ ನಿಲ್ಲುತ್ತಿತ್ತು. ಎಡಗೈ ಬೆರಳುಗಳು ಸೋಫಾದ ತೋಳಿನ ಮೇಲೆ ಇಲ್ಲದ ತಂತಿ ಒತ್ತುತ್ತಿದ್ದವು.

“ಬರೀ ಗಿಟಾರೇ ಇದೆಯಲ್ಲ ಭಾವ, ಹಾಡೆಲ್ಲಿ?”

“ಸುಮ್ನೆ ಕೇಳೋ,” ಎಂದು ಆಲ್ಬಂನ ಕವರನ್ನು ನನ್ನತ್ತ ಎಸೆದರು. ನಾನು ಚಿತ್ರ ನೋಡಿ ಕೆಳಗಿಟ್ಟೆ.

ಮಿಮಿಕ್ರಿ ನನ್ನ ಚಟ. ಮಧ್ಯಾಹ್ನ ಹಿಂದಿನ ಕೋಣೆಯ ಫೋಮ್ ರಾಶಿಯಲ್ಲಿ ಅವಿತು, ಗೆಳೆಯನ ಫೋನಿನಿಂದ ಭಾವನಿಗೆ ಕರೆ ಮಾಡಿ, ಗಂಟಲಿಗೆ ಗುಡುಗಣ್ಣನ ಜಲ್ಲಿ ತುಂಬಿಕೊಂಡೆ.

“ಏನಪ್ಪಾ ದೊರೆ, ಬದುಕಿದೀಯಾ?”

ಅತ್ತಲಿಂದ ಭಾವ, “ಇದೀನಿ ಕಣೋ. ಇನ್ನೊಂದ್ಸಲ ಕರಿ.”

“ದೊರೇ!”

“ಮೂರನೇದು ಕೇಳ್ದೆ. ನಾವು ಟೆರೇಸ್ ಮೇಲೆ ನುಡಿಸ್ತಿದ್ದದ್ದೇ ಅಲ್ವಾ? ನನ್ನ ಪಾಲಿನ ಜಾಗ ಖಾಲಿ ಬಿಟ್ಟಿದೀಯ.”

ನನಗೇನು ಗೊತ್ತು? “ನಿಂಗೇ ಬಿಟ್ಟಿದ್ದು,” ಎಂದೆ. “ಬಾ, ತುಂಬು.”

ಬಾಗಿಲ ಸಂದಿಯಿಂದ ಇಣುಕಿದೆ. ಭಾವ ಫೋನನ್ನು ಎರಡೂ ಕೈಯಲ್ಲಿ ಕಿವಿಗೊತ್ತಿ ಕಣ್ಣು ಮುಚ್ಚಿದ್ದರು. ನನ್ನ ಜಲ್ಲಿಯೆಲ್ಲ ಮರಳಾಯಿತು. ಎದುರು ಹೋಗಿ, “ತಪ್ಪಾಯ್ತು ಭಾವ, ನಾನೇ,” ಎಂದೆ.

“ಮೊದಲನೇ ಮಾತಿಗೇ ಗೊತ್ತಾಯ್ತು.” ಕವರಿನ ಹಿಂದೆ ಸಣ್ಣಕ್ಷರಗಳಲ್ಲಿ ಗುಡುಗಣ್ಣ ಬರೆದದ್ದನ್ನು ತೋರಿಸಿದರು: ‘ಗಂಟಲಿನ ಆಪರೇಷನ್ನಿನಲ್ಲಿ ದನಿ ಹೋಗಿ ಎರಡು ವರ್ಷವಾಯಿತು. ಇನ್ನು ನನ್ನ ಮಾತೂ ಗಿಟಾರೇ.’

“ಗೊತ್ತಿದ್ದೂ ಯಾಕೆ ಮಾತಾಡಿದ್ರಿ?”

“ಆ ದನಿ ನನಗೆ ಇನ್ನೆಲ್ಲಿ ಸಿಗುತ್ತೋ, ಕತ್ತೆ? ಇನ್ನೊಂದ್ಸಲ. ಅವನ ಥರ ಬೈಯಿ ನನ್ನ.”

ಕೆಮ್ಮಿದೆ. “ಲೋ ದೊರೆ! ಆರು ವರ್ಷ ನೀನೂ ಫೋನ್ ಮಾಡ್ಲಿಲ್ವಲ್ಲೋ! ಕೈಯನ್ನೂ ಸೋಫಾಗೆ ಸೇರಿಸಿ ಮೊಳೆ ಹೊಡ್ಕೊಂಡಿದ್ಯಾ?”

ಮೊದಲು ನಾನು ನಕ್ಕೆ. ಭಾವ ಸ್ಪ್ರಿಂಗು ಕಿತ್ತುಬಂದವರಂತೆ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಅಟ್ಟದ ಮೇಲಿನ ಗಿಟಾರ್ ಪೆಟ್ಟಿಗೆಯತ್ತ ಕೈ ತೋರಿಸಿದರು, ‘ಇಳಿಸು’ ಎನ್ನಲು ದನಿಯೇ ಹೊರಡದೆ ಇನ್ನೂ ಜೋರಾಗಿ ನಕ್ಕರು.